ಸುಬ್ರಹ್ಮಣ್ಯನ ಸುತ್ತು

ಒಂದಾನೊಂದು ಊರಿತ್ತು. ಆ ಊರಿನಲ್ಲಿ ಜಗತ್ತಿನ ರಾಜರಿಗೆಲ್ಲ ಒಂದೊಂದು ಅರಮನೆಯಿತ್ತು, ಅರಮನೆಗೊಂದು ಬಾವುಟವಿತ್ತು, ಬಾವುಟಕ್ಕೊಬ್ಬ ಬಂದೂಕಿನ ಕಾವಲುಗಾರನಿದ್ದ. ರಾಜರು ಮಾತ್ರ ಯಾರೂ ಅಲ್ಲಿರಲಿಲ್ಲ. ಅಷ್ಟು ಅರಮನೆಗಳ ನಡುವೆ ನಮ್ಮ ಕನ್ನಡ ರಾಜ್ಯದ್ದೂ ಒಂದು ಅತಿಥಿಗೃಹ, ಅತಿಥಿಗೃಹದ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸು, ಅದರ ತಾರಸಿಯಲ್ಲಿ ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುವ ಒಬ್ಬಳು ಅಜ್ಜಿ. ಊರಿನ ಹೆಸರು ಚಾಣಕ್ಯಪುರಿ, ದೆಹಲಿಯಲ್ಲಿ ರಾಯಭಾರಿಗಳಿರುವ ಬಡಾವಣೆ. ಅಜ್ಜಿಯ ಹೆಸರು ಸೀತಮ್ಮ. ಅವಳೆದುರು ಮೊರದ ಆಚೆ ಬದಿಗೆ ಕೂತವಳು ಮೊಮ್ಮಗಳು ಹಂಸಿನಿ. ಅಡುಗೆಯ ಅನಂತರಾಮನ ಒಬ್ಬಳೇ ಮಗಳು, ವಯಸ್ಸು ಒಂಬತ್ತು.

ಸೀತಮ್ಮನ ಕಥೆಗೊಂದು ಕಟ್ಟಳೆ. ಕೇಳುವವರು ಮಾತಿಗೊಮ್ಮೆ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ರಾಜಕುಮಾರ ಬಾವಿಯಲ್ಲೇ, ರಾಕ್ಷಸ ಮರದ ಮೇಲೇ. ಅವತ್ತಿನದು ಎಲ್ಲರಿಗೂ ಗೊತ್ತಿರುವ ಕಥೆ. ಶಿವಪಾರ್ವತಿಯರ ಕೈಯಲ್ಲಿ ಒಂದು ಹಣ್ಣು. ಯಾರು ಮೊದಲು ಭೂಮಂಡಲ ಸುತ್ತಿ ಬರುತ್ತಾರೋ ಅವರಿಗದು. ಸುಬ್ರಹ್ಮಣ್ಯ ನವಿಲೇರಿ ಹಾರಿದ. ಗಣಪ ಅಪ್ಪ ಅಮ್ಮನಿಗೆ ಒಂದು ಸುತ್ತು ಬಂದು, ನನ್ನ ಲೋಕ ಇಷ್ಟೇ ಅಂದ. ಹಣ್ಣು ಅವನದಾಯಿತು.

ಹಂಸಿನಿಯ ಹೂಂ ನಿಂತಿತು.

"ಯಾಕೆ, ನಿದ್ದೆ ಬಂತಾ?"

"ಹಣ್ಣು ಹೋಗ್ಲಿ ಅಜ್ಜಿ. ಸುಬ್ರಹ್ಮಣ್ಯ ಅಷ್ಟು ದೂರ ಹೋದ್ನಲ್ಲ, ಏನೇನು ನೋಡ್ದ?"

"ಅದು ಕಥೇಲಿಲ್ಲ ಕಣೇ."

"ಯಾಕಿಲ್ಲ?"

ಸೀತಮ್ಮ ಒಂದು ಬಟಾಣಿಯನ್ನು ಬಾಯಿಗೆಸೆದುಕೊಂಡು ಯೋಚಿಸಿದಳು. ಅರವತ್ತು ದಾಟಿದ್ದ ಅವಳಿಗೆ ಅಲ್ಲಿಯವರೆಗೆ ಯಾರೂ ಈ ಪ್ರಶ್ನೆ ಹಾಕಿರಲಿಲ್ಲ. "ಅವನು ಬರೋಷ್ಟರಲ್ಲಿ ಹಣ್ಣು ಖಾಲಿ. ಸಿಟ್ಟು ಬಂದಿರತ್ತೆ, ಹೇಳಿರಲ್ಲ. ಕೇಳೋರಾದ್ರೂ ಯಾರಿದ್ರು? ಎಲ್ಲರೂ ಗಣಪನ್ನ ಹೊಗಳ್ತಾ ಕೂತಿದ್ರು."

"ಇದು ಮೋಸ. ನಿಜವಾಗ್ಲೂ ಸುತ್ತಿದವನು ಅವನು. ಇನ್ನೊಬ್ಬ ಕೂತಲ್ಲೇ ಗೆದ್ದ."

"ಅವನು ಜಾಣ ಕಣೇ."

"ಇರ್ಲಿ ಬಿಡು. ನಂಗೆ ಹಣ್ಣು ಬೇಡ, ಜಾಣೆ ಅನ್ನಿಸ್ಕೊಳ್ಳೋದೂ ಬೇಡ. ನಾನು ಭೂಮಿಗೆ ಒಂದು ಸುತ್ತು ಹಾಕ್ತೀನಿ. ನಾನೇ ನೋಡ್ತೀನಿ."

ಅಜ್ಜಿ ನಗಲಿಲ್ಲ. ನಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. "ಹಾಕು. ಆದ್ರೆ ಪ್ರದಕ್ಷಿಣೆ ಅಂದ್ರೆ ಪೂರ್ತಿ ಆಗ್ಬೇಕು. ಹೊರಟ ಜಾಗಕ್ಕೇ ಬಂದು ಮುಟ್ಟಬೇಕು. ಮುಕ್ಕಾಲು ಸುತ್ತಿ ಕಾಲು ನೋಯ್ತು ಅಂದ್ರೆ ದೇವರೂ ಒಪ್ಪಲ್ಲ, ನಾನೂ ಒಪ್ಪಲ್ಲ" ಎಂದು ಅಂಗೈ ಚಾಚಿದಳು. ಹಂಸಿನಿ ಆ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಳು.

ಭಾಷೆ ಕೊಡುವುದು ಸುಲಭ, ವಾಹನ ಸಿಗುವುದು ಕಷ್ಟ. ಚಾಣಕ್ಯಪುರಿಯಲ್ಲಿ ನವಿಲುಗಳಿಗೇನೂ ಬರವಿರಲಿಲ್ಲ. ಬೆಳಗಾದರೆ ರಾಯಭಾರಿಗಳ ಗೋಡೆಗಳ ಮೇಲೆ ಸಾಲಾಗಿ ಕೂತು ಅರಚುತ್ತಿದ್ದವು. ಹಂಸಿನಿ ಒಂದು ವಾರ ಅವನ್ನು ಗಮನಿಸಿ ನೋಡಿದಳು. ಗೋಡೆಯಿಂದ ಬೇವಿನ ಮರದವರೆಗೆ ಹಾರುವುದರಲ್ಲೇ ಅವುಗಳ ಉಸಿರು ಹೋಗುತ್ತಿತ್ತು. ಇವುಗಳಿಂದ ಆಗದ ಮಾತು ಎಂದು ತೀರ್ಮಾನಿಸಿ ಇನ್ನೂ ಮೇಲೆ ನೋಡಿದಳು. ಪಾಲಂ ಕಡೆಯಿಂದ ಎದ್ದ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಹೋಗುತ್ತಿತ್ತು.

ಅವಳ ದಾರಿಗೆ ಅಡ್ಡ ನಿಂತವರು ರಾಕ್ಷಸರಲ್ಲ, ಸೋದರಮಾವ. ಕೇಶವಮೂರ್ತಿ ತಾಯಿ ಉಷಾಳ ಅಣ್ಣ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್, ಮಯೂರ್ ವಿಹಾರದ ಸೊಸೈಟಿಯೊಂದರಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಅನಂತರಾಮನಿಗೆ ಅತಿಥಿಗೃಹದ ಕೆಲಸ ಕೊಡಿಸಿದವರು ಅವರೇ. ಅದನ್ನು ಅವರು ಮರೆತಿರಲಿಲ್ಲ, ಬೇರೆಯವರಿಗೆ ಮರೆಯಲು ಬಿಟ್ಟಿರಲೂ ಇಲ್ಲ. ಲೋಕದ ಸಂಕಟಗಳಿಗೆಲ್ಲ ಅವರಲ್ಲಿದ್ದ ಮದ್ದು ಒಂದೇ, ಅರ್ಜಿ. ನಲ್ಲಿಯಲ್ಲಿ ನೀರು ಬರದಿದ್ದರೆ ಅರ್ಜಿ, ಹುಡುಗಿಯನ್ನು ಶಾಲೆಗೆ ಸೇರಿಸಲು ಅರ್ಜಿ, ಚಾವಣಿ ಸೋರಿದರೆ ಅರ್ಜಿ. ಇಂಗ್ಲಿಷಿನಲ್ಲಿ ಅವರು ಬರೆಯುತ್ತಿದ್ದರು, "ಇಲ್ಲಿ" ಎಂದು ಬೆರಳಿಡುತ್ತಿದ್ದರು, ಬೆರಳಿಟ್ಟಲ್ಲಿ ಅನಂತರಾಮ ಸಹಿ ಹಾಕುತ್ತಿದ್ದ. ಕನ್ನಡ ಬಿಟ್ಟರೆ ಬೇರೆ ಅಕ್ಷರ ಓದಲು ಬಾರದ ಅವನು ಇದರಲ್ಲೇನಿದೆ ಎಂದು ಒಮ್ಮೆಯೂ ಕೇಳಿದವನಲ್ಲ. ಕೇಳಿದರೆ ಭಾವನವರನ್ನು ನಂಬಲಿಲ್ಲ ಎಂದಾಗುತ್ತದಲ್ಲ.

ಹನ್ನೆರಡನೇ ಕ್ಲಾಸಿನ ಫಲಿತಾಂಶದ ದಿನ ಕೇಶವಮೂರ್ತಿ ಬಿ.ಕಾಂ.ಗೆ ಸೇರಿಸುವ ಅರ್ಜಿ ಬರೆದುಕೊಂಡೇ ಬಂದಿದ್ದರು.

"ನಾನು ಫಿಸಿಕ್ಸ್ ಓದ್ತೀನಿ ಮಾವ. ಆಮೇಲೆ ವಾಯುಪಡೆ."

"ಅಚ್ಛಾ, ವಾಯುಪಡೆ. ಹೋದ ವಾರ ಸೆಕ್ರೆಟರಿ ಸಾಹೇಬರ ಮೇಲೆ ಕಾಫಿ ಚೆಲ್ಲಿದವಳು ವಿಮಾನ ಚೆಲ್ಲದೆ ತರ್ತೀಯಾ?"

"ಕಾಫಿ ಬೇಕೂಂತಲೇ ಚೆಲ್ಲಿದ್ದು. ಅವರು ಅಪ್ಪನ್ನ ಏಯ್ ಅಂದ್ರು."

ಅನಂತರಾಮ ಒಲೆಯ ಕಡೆ ತಿರುಗಿಕೊಂಡ. ಕೇಶವಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ ಹದಿನೈದು ವರ್ಷ ಬಿಡದೆ ಹೇಳಿದ ಮಾತನ್ನು ಅವತ್ತು ಮೊದಲ ಸಲ ಹೇಳಿದರು. "ನೋಡಮ್ಮ, ಗಣಪ ಏನು ಮಾಡ್ದ? ಹೆತ್ತವರಿಗೆ ಒಂದು ಸುತ್ತು ಬಂದ್ರೆ ಲೋಕ ಸುತ್ತಿದ ಹಾಗೆ. ಹೆಣ್ಣುಮಕ್ಕಳಿಗಂತೂ ಆ ದಾರೀನೇ ಚೆಂದ."

"ನಾನು ತಮ್ಮನ ಕಡೆ, ಮಾವ" ಎಂದಳು ಹಂಸಿನಿ.

ಅರ್ಜಿಯ ಹಿಂಬದಿ ಖಾಲಿಯಿತ್ತು. ಅದರ ಮೇಲೆ ಅವಳು ಅವತ್ತೇ ಭೌತಶಾಸ್ತ್ರದ ಲೆಕ್ಕ ಮಾಡಿದಳು.

ಬಿ.ಎಸ್ಸಿ. ಓದುತ್ತಲೇ ಎನ್‌ಸಿಸಿ ಸೇರಿದಳು. ಬೆಳಗಿನ ಜಾವ ಅತಿಥಿಗಳ ಇಡ್ಲಿ ತಟ್ಟೆ ಹೊತ್ತು, ಒಂಬತ್ತಕ್ಕೆ ಕಾಲೇಜಿನ ಬಸ್ಸು ಹಿಡಿದಳು. ವಾಯುಪಡೆಯ ಪರೀಕ್ಷೆಯಲ್ಲಿ ಮೊದಲ ಸಲ ಬಿದ್ದಳು, ಎರಡನೇ ಸಲ ಗೆದ್ದಳು. ತರಬೇತಿಯಲ್ಲಿ ಮೊದಲ ಸಲ ಒಬ್ಬಳೇ ವಿಮಾನವೇರಿದ ದಿನ ಕೆಳಗಿನ ಗೋಪುರದಿಂದ ಇಂಗ್ಲಿಷಿನಲ್ಲಿ ಸೂಚನೆ ಬಂತು: ಇಷ್ಟು ಎತ್ತರ, ಈ ದಿಕ್ಕು, ಬಲಕ್ಕೆ ತಿರುಗು. ಕೇಳಿಸಿತು ಎನ್ನಲು ಹೇಳಬೇಕಾದ ಮಾತು ಬೇರೆಯಿತ್ತು, ಅದನ್ನು ಆರು ತಿಂಗಳು ಬಾಯಿಪಾಠ ಮಾಡಿದ್ದಳು. ಆದರೆ ಮೂರು ಸಾವಿರ ಅಡಿ ಮೇಲೆ, ಆ ಗಳಿಗೆಯಲ್ಲಿ, ಅವಳ ಗಂಟಲಿಂದ ಹೊರಟದ್ದು ತಾರಸಿಯ ಹೂಂ.

ಗೋಪುರದಿಂದ ಇನ್ನೊಂದು ಸೂಚನೆ ಬಂತು.

"ಹೂಂ" ಅಂದಳು ಹಂಸಿನಿ ಮತ್ತೆ.

ಕೆಳಗಿಳಿದ ಮೇಲೆ ಬೋಧಕರು ಹತ್ತು ಸುತ್ತು ಮೈದಾನ ಓಡಿಸಿದರು. ಅವಳ ಬ್ಯಾಚಿನ ಏಕನಾಥ, ನಾಂದೇಡಿನ ಹುಡುಗ, ಬೇಲಿಯ ಮೇಲೆ ಕೂತು ಪ್ರತಿ ಸುತ್ತಿಗೂ ಹೂಂ ಎಂದು ಎಣಿಸಿದ. ಹತ್ತಾದ ಮೇಲೆ ಅವಳು ನಿಲ್ಲಲಿಲ್ಲ. ಹನ್ನೊಂದನೆಯದನ್ನು ಅವನ ಮುಖ ನೋಡಿಕೊಂಡೇ ಓಡಿದಳು. ಅಲ್ಲಿಂದ ಇಬ್ಬರೂ ಸ್ನೇಹಿತರು.

ವರ್ಷಗಳು ಕಳೆದವು. ಯುದ್ಧವಿಮಾನ, ಆಮೇಲೆ ಹೊಸ ವಿಮಾನಗಳನ್ನು ಪರೀಕ್ಷಿಸುವ ಕೆಲಸ, ಆಮೇಲೆ ಆಕಾಶನೌಕೆಯ ತರಬೇತಿ. ಬೀಸುಕಲ್ಲಿನ ಹಾಗೆ ತಿರುಗಿಸುವ ಯಂತ್ರದಲ್ಲಿ ಅವಳನ್ನು ಕೂರಿಸಿ ಗರಗರ ಸುತ್ತಿಸಿದರು. ಎದೆಯ ಮೇಲೆ ಎಂಟು ಜನ ಕೂತಷ್ಟು ಭಾರ ಬಂದಾಗಲೂ ಗುಂಡಿ ಒತ್ತುವುದನ್ನು ಕಲಿತಳು. ಕೊನೆಗೆ ಒಂದು ಆಗಸ್ಟ್ ತಿಂಗಳಲ್ಲಿ, ನೌಕೆಯೇರಿ ಭೂಮಿ ಸುತ್ತಲು ಆಯ್ಕೆಯಾದ ಎರಡು ಹೆಸರು ಹೊರಬಿದ್ದವು. ಒಂದು ಏಕನಾಥನದು, ಇನ್ನೊಂದು ಸ್ಕ್ವಾಡ್ರನ್ ಲೀಡರ್ ಹಂಸಿನಿಯದು. ಸೋಮವಾರದೊಳಗೆ ಲಿಖಿತ ಒಪ್ಪಿಗೆ ಕೊಡಬೇಕು.

ಆ ಹೊತ್ತಿಗೆ ಅನಂತರಾಮ ನಿವೃತ್ತನಾಗಿ ಮಯೂರ್ ವಿಹಾರದಲ್ಲೇ ಕೆಳಮಹಡಿಯ ಬಾಡಿಗೆ ಮನೆಯಲ್ಲಿದ್ದ. ಜೂನ್ ತಿಂಗಳಲ್ಲಿ ಅವನ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಹಂಸಿನಿ ನಾಲ್ಕು ದಿನದ ರಜೆಯಲ್ಲಿ ಬಂದಳು. ಒಪ್ಪಿಗೆಯ ಕಾಗದ ಚೀಲದಲ್ಲಿತ್ತು, ಸಹಿ ಹಾಕಿರಲಿಲ್ಲ. ಎದೆಯ ಹೊಲಿಗೆಯನ್ನು ಅಂಗಿಯಲ್ಲಿ ಮುಚ್ಚಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಉಷಾಳಿಗೆ ಒಗ್ಗರಣೆ ಕಲಿಸುತ್ತಿದ್ದ ಅಪ್ಪನನ್ನು ನೋಡಿದಾಗಲೆಲ್ಲ ಪೆನ್ನು ಮೇಲೇಳುತ್ತಿರಲಿಲ್ಲ. ನಾನು ಹೋಗಲಾ ಎಂದು ಅವಳು ಕೇಳಲಿಲ್ಲ. ಹೋಗು ಎಂದು ಅವನೂ ಹೇಳಲಿಲ್ಲ. ಇಬ್ಬರೂ ಹುಳಿಗೆ ಉಪ್ಪು ಸಾಕೇ ಎಂಬುದನ್ನು ಮಾತ್ರ ಮಾತಾಡಿದರು.

ಶನಿವಾರ ಗಣೇಶ ಚತುರ್ಥಿ. ಸೊಸೈಟಿಯ ಸಭಾಂಗಣದಲ್ಲಿ ಕನ್ನಡದವರ ಹಬ್ಬ, ಸಂಜೆ ಸಭೆ. ಬಾಗಿಲಲ್ಲೇ ಕೇಶವಮೂರ್ತಿಯವರ ಮಗಳು ಮಾನ್ಯಾ ಓಡಿಬಂದು ಕೈ ಹಿಡಿದಳು. ಹುಟ್ಟಿ ಬೆಳೆದದ್ದೆಲ್ಲ ದೆಹಲಿ, ಕೆಲಸ ಮಾನೇಸರದ ಕಾರಿನ ಕಾರ್ಖಾನೆಯಲ್ಲಿ. ಅವಳ ಕನ್ನಡಕ್ಕೆ ಒಂದು ಕಾಲು ಹಿಂದಿಯಲ್ಲಿರುತ್ತಿತ್ತು.

"ದೀದಿ, ಸುನೋ. ಪಾಪಾ ನಿಂಗೆ ಹೇಳ್ದೆ ಕಾರ್ಡ್ ಪ್ರಿಂಟ್ ಮಾಡ್ಸಿದಾರೆ. ನಂಗೂ ಅಭೀ ಗೊತ್ತಾಯ್ತು."

ಕಾರ್ಡಿನಲ್ಲಿ, ಗಣಪನ ಚಿತ್ರದ ಕೆಳಗೆ, ದಪ್ಪಕ್ಷರದಲ್ಲಿ ಹೀಗಿತ್ತು: ತ್ಯಾಗಮಯಿ ಕುಮಾರಿ ಹಂಸಿನಿ ಅವರಿಗೆ ಸನ್ಮಾನ.

"ಯಾವ ತ್ಯಾಗ?"

"ವಹೀ ತೋ. ಅಂದರ್ ಬಾ, ನೋಡು."

ಒಳಗೆ ನೂರೈವತ್ತು ಜನ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಸೀತಮ್ಮ, ಪಕ್ಕದಲ್ಲಿ ಅನಂತರಾಮ, ಉಷಾ. ಹಂಸಿನಿಯನ್ನು ವೇದಿಕೆಗೆ ಕರೆದು ಕೂರಿಸಿದರು. ಮುಖ್ಯ ಅತಿಥಿ ನಿವೃತ್ತ ಅಧಿಕಾರಿ ವೆಂಕಟಸುಬ್ಬಯ್ಯನವರು. ಮೈಕು ಕೇಶವಮೂರ್ತಿಯವರ ಕೈಯಲ್ಲಿ.

"ಇವತ್ತಿನ ದಿನಕ್ಕೆ ಇದಕ್ಕಿಂತ ದೊಡ್ಡ ಸಂದೇಶ ಬೇಕೇ? ಲೋಕವನ್ನೇ ಸುತ್ತುವ ಅವಕಾಶ ಬಾಗಿಲಿಗೆ ಬಂದಾಗ ನಮ್ಮ ಹಂಸಿನಿ ಗಣಪನ ದಾರಿ ಹಿಡಿದಿದ್ದಾಳೆ. ತಂದೆಯ ಆರೋಗ್ಯದ ನಿಮಿತ್ತ ಹಿಂದೆ ಸರಿಯುತ್ತಿದ್ದಾಳೆ. ಆ ತಂದೆಯೇ ಸಂಬಂಧಪಟ್ಟ ಕಚೇರಿಗೆ ಬರೆದ ಪತ್ರ ಇದು. ವೆಂಕಟಸುಬ್ಬಯ್ಯನವರ ಅಮೃತ ಹಸ್ತದಿಂದ ಕಳಿಸುತ್ತಿದ್ದೇವೆ."

ಚಪ್ಪಾಳೆ ಬಿತ್ತು. ಶಾಲು ಬಿಡಿಸಿ ಹಿಡಿದ ಕಾರ್ಯದರ್ಶಿ ಹತ್ತಿರ ಬಂದ. ಹಂಸಿನಿ ಅವನನ್ನು ದಾಟಿ ಹೋಗಿ ಮಾವನ ಕೈಯಿಂದ ಕಾಗದ ತೆಗೆದುಕೊಂಡಳು. ಇಂಗ್ಲಿಷಿನ ಒಂದು ಪುಟ, ಕೆಳಗೆ ಅಪ್ಪನ ಸಹಿ. ಹಿಟ್ಟಿನ ಕೈಯಲ್ಲಿ ಬರೆದಂತಿರುವ ಆ ದುಂಡು ಅಕ್ಷರಗಳನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಹುಳಿಯ ಉಪ್ಪಿನ ಮಾತಿನ ಹಿಂದೆ ಅಪ್ಪ ಅಡಗಿಸಿಟ್ಟದ್ದು ಇದನ್ನೇ?

ಅವಳು ಮೈಕಿನ ಮುಂದೆ ನಿಂತಳು.

"ನನಗೆ ಮೂವತ್ತೆರಡು ವರ್ಷ. ಅಪ್ಪನ ಅರ್ಜಿಗೆ ಆ ಕಚೇರಿಯಲ್ಲಿ ಬೆಲೆ ಇಲ್ಲ. ಆದರೆ ಅಪ್ಪನ ಸಹಿಗೆ ನನ್ನ ಹತ್ತಿರ ಬೆಲೆ ಇದೆ. ಇದು ಅವರಿಗೆ ಬಾರದ ಭಾಷೆಯಲ್ಲಿದೆ. ಅದಕ್ಕೆ ಕನ್ನಡದಲ್ಲಿ ಓದ್ತೀನಿ."

ಓದಿದಳು. ನಾನು ಹೃದ್ರೋಗಿ, ನನಗೆ ಗಂಡುಮಕ್ಕಳಿಲ್ಲ, ನನ್ನ ಮಗಳನ್ನು ಈ ಅಪಾಯದಿಂದ ಬಿಡುಗಡೆ ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ. ಅಲ್ಲಿಗೆ ಅವಳ ಓದು ನಿಂತಿತು.

ಮುಂದಿನ ಸಾಲಿನಿಂದ ಸೀತಮ್ಮ ಗಟ್ಟಿಯಾಗಿ, "ಹೂಂ" ಅಂದಳು.

ಹಂಸಿನಿ ತಲೆಯೆತ್ತಿದಳು. "ಅಪ್ಪ, ಇದು ನಿನ್ನ ಮಾತಾ?"

ಅನಂತರಾಮ ಕುರ್ಚಿಯ ತೋಳು ಹಿಡಿದು ಎದ್ದ. ನಿಧಾನವಾಗಿ, ಎದೆಯ ಮೇಲೆ ಅಂಗೈಯಿಟ್ಟುಕೊಂಡು, ಮೂರು ಮೆಟ್ಟಿಲು ಹತ್ತಿ ಬಂದು ಕಾಗದ ನೋಡಿದ.

"ಸಹಿ ನಂದೇ. ಭಾವ ಆಸ್ಪತ್ರೆ ಖರ್ಚಿನ ಕಾಗದ ಅಂದ್ರು, ಹಾಕ್ದೆ. ಮಾತು ನಂದಲ್ಲ."

"ಅನಂತು, ನಿನ್ನ ಒಳ್ಳೇದಕ್ಕೇ ಕಣೋ" ಎಂದರು ಕೇಶವಮೂರ್ತಿ. ಮೈಕಿಲ್ಲದ ಅವರ ದನಿ ಸಣ್ಣದಾಗಿತ್ತು. "ಮೇಲೆ ಹೋಗಿ ಇವಳಿಗೇನಾದ್ರೂ ಆದ್ರೆ ನಿನ್ನ ಎದೆ ತಡೆಯತ್ತಾ? ಆ ರಾತ್ರಿ ಆಂಬ್ಯುಲೆನ್ಸಲ್ಲಿ ನಿನ್ನ ಕೈ ಹಿಡ್ಕೊಂಡು ಕೂತವನು ನಾನು."

"ಅದನ್ನ ಮರೆಯಲ್ಲ ಭಾವ. ಆದ್ರೆ ಇವಳು ನನ್ನ ಸುತ್ತ ಸುತ್ತುತಾ ಇರೋಕೆ ನಾನೇನು ಗರುಡಗಂಬಾನಾ? ಮೂವತ್ತು ವರ್ಷ ಬಂದೋರಿಗೆ ಹೋಗೋರಿಗೆ ಬಡಿಸಿದೀನಿ. ಒಬ್ಬರೂ ಉಳ್ಕೊಳ್ಳಲಿಲ್ಲ. ಊಟ ಹಾಕೋದೇ ಹೋಗ್ಲಿ ಅಂತ." ಅವನು ವೆಂಕಟಸುಬ್ಬಯ್ಯನವರ ಕಡೆ ತಿರುಗಿದ. "ಸಾರ್, ಒಂದು ಪೆನ್ನು ಕೊಡ್ತೀರಾ?"

ಪೆನ್ನು ತೆಗೆದುಕೊಂಡು ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದ. ಒಂದು ಸಾಲದೆಂದು ಇನ್ನೊಂದನ್ನೂ ಎಳೆದ. ಆಮೇಲೆ ಆ ಪೆನ್ನನ್ನು ಮಗಳ ಕೈಗೆ ಕೊಟ್ಟ.

ಅವಳು ಚೀಲದಿಂದ ಒಪ್ಪಿಗೆಯ ಕಾಗದ ತೆಗೆದು, ಹಾರತುರಾಯಿಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಮೇಜಿನ ಮೇಲೇ ಸಹಿ ಹಾಕಿದಳು. ಮತ್ತೆ ಮೈಕಿಗೆ ಬಾಗಿದಳು. "ಕಾರ್ಡಿನಲ್ಲಿ ಕುಮಾರಿ ಅಂತಿದೆ. ಸ್ಕ್ವಾಡ್ರನ್ ಲೀಡರ್ ಅಂತ ತಿದ್ದಿಕೊಳ್ಳಿ. ತ್ಯಾಗಮಯಿ ಅನ್ನೋದನ್ನ ಹೊಡೆದುಹಾಕಿ. ಗಣಪನಿಗೆ ಈ ಊರಲ್ಲಿ ನೂರು ಪೆಂಡಾಲಿದೆ, ಅವನಿಗೇನೂ ಕೊರತೆಯಿಲ್ಲ. ನಾನು ಅವನ ತಮ್ಮನ ಕಡೆಯವಳು. ಸುತ್ತಿ ಸೋತರೂ ಪರವಾಗಿಲ್ಲ, ಸುತ್ತದೆ ಗೆಲ್ಲೋದು ನನಗೆ ಬೇಡ."

ಹಿಂದಿನ ಸಾಲಿನಲ್ಲಿ ಮಾನ್ಯಾ ಸಿಳ್ಳೆ ಹಾಕಿದಳು. ಬಿಡಿಸಿದ ಶಾಲು ಹಿಡಿದೇ ನಿಂತಿದ್ದ ಕಾರ್ಯದರ್ಶಿ, "ಹಾಗಾದ್ರೆ ಇದನ್ನೇನು ಮಾಡೋದು ಮೇಡಂ?" ಎಂದ.

"ಮಡಚಿಡಿ. ಯಾರಿಗಾದ್ರೂ ಚಳಿಯಾದಾಗ ಬರತ್ತೆ."

ಸೋಲೊಪ್ಪುವ ಜಾಯಮಾನ ಕೇಶವಮೂರ್ತಿಯವರದಲ್ಲ. ಉಡಾವಣೆಗೆ ಮುಂಚೆ ಅವಳು ಕೊನೆಯ ಸಲ ಮನೆಗೆ ಬಂದು ಹೊರಡುವ ದಿನ ಕೈಯಲ್ಲೊಂದು ಮೋಸಂಬಿ ಹಿಡಿದು ಬಂದರು. ಮೂರು ವಾರ ಯೋಚಿಸಿದ್ದರು. "ರಾಕೆಟ್ಟು ಹೋಗೋದು ಪೂರ್ವಕ್ಕೆ. ಈ ಮೋಸಂಬಿ ಭೂಮಿ ಅಂದ್ಕೋ. ನೀನು ಹೀಗೆ ಹೋದ್ರೆ ಭೂಮಿ ನಿನ್ನ ಎಡಕ್ಕೆ ಬರತ್ತೆ. ಬಲಕ್ಕೆ ಬಂದ್ರೆ ಪ್ರದಕ್ಷಿಣೆ. ಎಡಕ್ಕೆ ಬಂದ್ರೆ ಅಪ್ರದಕ್ಷಿಣೆ. ನಿನ್ನ ಸುತ್ತು ಲೆಕ್ಕಕ್ಕೇ ಬರಲ್ಲ."

ಸೀತಮ್ಮನ ಮುಖ ಬಾಡಿತು. ಹಂಸಿನಿ ಮೋಸಂಬಿಯನ್ನು ತಿರುಗಿಸಿ ನೋಡಿದಳು. ಮಾವ ಹೇಳಿದ್ದು ಸರಿಯಾಗಿತ್ತು. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. "ನೋಡೋಣ ಮಾವ" ಎಂದಷ್ಟೇ ಹೇಳಿ, ಹಣ್ಣು ಸುಲಿದು ಅಜ್ಜಿಗೆ ಎರಡು ತೊಳೆ ಕೊಟ್ಟಳು.

ಮೇಲೆ ಹೋದ ಮೊದಲ ದಿನ ಅವಳಿಗೆ ಕಿಟಕಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಏಕನಾಥ ಗುಂಡಿಗಳ ಮುಂದೆ ಕೂತು, "ಈ ಸುತ್ತು ನಿನ್ನದು. ನಾನು ನೋಡಿಕೊಳ್ತೀನಿ, ಹೋಗು" ಎಂದ. ಪರದೆಯ ಮೇಲಿನ ಭೂಪಟದಲ್ಲಿ ನೌಕೆಯ ಚುಕ್ಕೆ ದೆಹಲಿಯ ಮೇಲೆ ಬರುವವರೆಗೆ ಅವಳು ಕಾದಳು. ಕೆಳಗೆ ಕಂದು ಬಯಲು, ಅದರೊಳಗೆ ಯಮುನೆಯ ಸಣ್ಣ ಗೆರೆ, ಗೆರೆಯ ಆಚೆ ದಡದಲ್ಲೆಲ್ಲೋ ಅಜ್ಜಿ. ಇಲ್ಲಿಂದ ಶುರು.

ಭೂಮಿ ಎಡಕ್ಕಿತ್ತು. ಮಾವ ಹೇಳಿದಂತೆಯೇ.

ಹಂಸಿನಿ ಹಿಡಿಯನ್ನು ಬಿಟ್ಟು, ಮೊಣಕಾಲು ಮಡಚಿ, ನಿಧಾನವಾಗಿ ಪಕ್ಕಕ್ಕೆ ಪಲ್ಟಿ ಹೊಡೆದಳು. ತೂಕವಿಲ್ಲದ ಜಾಗದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳಲು ಯಾವ ಸೆಕ್ಷನ್ ಆಫೀಸರೂ ಇರಲಿಲ್ಲ. ತಲೆ ದಕ್ಷಿಣಕ್ಕಾಯಿತು, ಪಾದ ಉತ್ತರಕ್ಕಾಯಿತು, ಮುಖ ನೌಕೆ ಹೋಗುವ ದಿಕ್ಕಿಗೇ ಇತ್ತು. ಈಗ ಭೂಮಿ ಅವಳ ಬಲಕ್ಕೆ, ಬಲಗೈ ಚಾಚಿದರೆ ತಾಗುವಂತೆ ತೇಲುತ್ತಿತ್ತು.

"ಏನು ಮಾಡ್ತಿದೀಯಾ?" ಎಂದ ಏಕನಾಥ, ಅವಳ ಪಾದಗಳನ್ನು ನೋಡಿ.

"ಪ್ರದಕ್ಷಿಣೆ."

ಅವನು ಇನ್ನೇನೂ ಕೇಳಲಿಲ್ಲ. ಅವನ ಮನೆಯಲ್ಲೂ ಒಬ್ಬಳು ಅಜ್ಜಿಯಿದ್ದಳು.

ಹಾಗಾದರೆ ಸುಬ್ರಹ್ಮಣ್ಯ ನೋಡಿದ್ದು ಇದು. ಹಿಮದ ಬೆಟ್ಟಗಳು ಒಗೆದು ಹರವಿದ ಬಟ್ಟೆಯ ಹಾಗೆ ಸುಕ್ಕುಸುಕ್ಕು. ಅವುಗಳಾಚೆ ಹಳದಿ ಮರಳು, ಚೀನದ ನದಿಗಳು, ಹೊತ್ತು ಮುಳುಗುವ ಮೂಡಣ ಕಡಲು. ಅಲ್ಲಿ ಕತ್ತಲು ಓಡಿಬಂದು ಅವಳನ್ನು ನುಂಗಿತು. ಪೆಸಿಫಿಕ್ ಸಾಗರದ ಉದ್ದಕ್ಕೂ ಏನೂ ಇರಲಿಲ್ಲ. ಒಂದು ಕಡೆ ಮಾತ್ರ ಮೋಡದೊಳಗೆ ಮಿಂಚು, ಮುಚ್ಚಿದ ಕೊಠಡಿಯಲ್ಲಿ ಯಾರೋ ದೀಪ ಹಚ್ಚಿ ಆರಿಸಿದಂತೆ, ಸದ್ದಿಲ್ಲದೆ. ನವಿಲಿನ ಮೇಲೆ ಒಬ್ಬನೇ ಕೂತು ಇದನ್ನು ದಾಟಿದ್ದಾನೆ, ಪಾಪ, ಅಂದುಕೊಂಡಳು. ಹೆದರಿಕೆಯಾಗಿರಬೇಕು. ಕಥೆಯಲ್ಲಿ ಅದನ್ನೂ ಬಿಟ್ಟಿದ್ದಾರೆ. ದಕ್ಷಿಣ ಅಮೆರಿಕದ ತುದಿಯಲ್ಲಿ ಒಂದು ನೀಲಿ ಎಳೆ ಕಾಣಿಸಿ, ಕೆಂಪಾಗಿ, ಒಮ್ಮೆಗೇ ಬೆಳಗಾಯಿತು. ಆಫ್ರಿಕಕ್ಕೆ ಬರುವಷ್ಟರಲ್ಲಿ ಕಡು ಮಧ್ಯಾಹ್ನ. ಕಾಡು, ಕಾಡಿನ ನಡುವೆ ಹೊಳೆಯುವ ಕೆರೆಗಳು, ಮತ್ತೆ ಮರಳು. ಅವಳ ಕಣ್ಣಿನಿಂದ ನೀರು ಇಳಿಯಲಿಲ್ಲ, ಇಳಿಯಲು ಕೆಳಗೆಂಬುದಿರಲಿಲ್ಲ. ರೆಪ್ಪೆಯ ಮೇಲೇ ಗುಂಡಾಗಿ ನಿಂತಿತು. ತೋಳಿನಿಂದ ಒರೆಸಿಕೊಂಡಳು.

"ತೊಂಬತ್ತು ನಿಮಿಷ. ಸುತ್ತು ಮುಗೀತು. ಬಾ, ಊಟ ಮಾಡೋಣ" ಎಂದ ಏಕನಾಥ.

ಹಂಸಿನಿ ಭೂಪಟ ನೋಡಿದಳು. ಚುಕ್ಕೆ ಇರಾನಿನ ಮೇಲಿತ್ತು. ಅವರು ಸುತ್ತುತ್ತಿದ್ದಾಗ ಭೂಮಿಯೇನು ಸುಮ್ಮನೆ ಕೂತಿರಲಿಲ್ಲ, ತಾನೂ ತಿರುಗಿತ್ತು. ದೆಹಲಿ ಪೂರ್ವಕ್ಕೆ ಸರಿದುಕೊಂಡಿತ್ತು.

"ಮುಗಿದಿಲ್ಲ."

"ಲೆಕ್ಕದ ಪ್ರಕಾರ ಮುಗೀತು. ಕೆಳಗೂ ಹಾಗೇ ಬರೆದುಕೊಂಡಿರ್ತಾರೆ."

"ಅದು ನೌಕೆಯ ಲೆಕ್ಕ. ಹೊರಟ ಜಾಗದ ನೇರಕ್ಕೆ ಬಂದು ಮುಟ್ಟಬೇಕು. ಇನ್ನೂ ಆರು ನಿಮಿಷ."

"ಅನ್ನ ಆರಿಹೋಗತ್ತೆ."

"ಆರ್ಲಿ."

ತಲೆಕೆಳಗಾಗಿಯೇ, ಬಲಗೈಯನ್ನು ಗಾಜಿಗೆ ಒತ್ತಿ, ಅವಳು ನಿಂತಳು. ಒಣ ಗುಡ್ಡಗಳು ಹೋದವು. ಅಫ್ಘಾನಿಸ್ತಾನದ ಕಣಿವೆಗಳು ಹೋದವು. ಪರದೆಯಲ್ಲಿ ರೇಖಾಂಶ ಅರವತ್ತೈದು ಡಿಗ್ರಿ, ಎಪ್ಪತ್ತು; ದೆಹಲಿಯದು ಎಪ್ಪತ್ತೇಳು. ಮತ್ತೆ ಬಿಳಿ ಬೆಟ್ಟಗಳೆದ್ದವು. ದಕ್ಷಿಣದ ಅಂಚಿನಲ್ಲಿ ಹಿಮಾಲಯ, ಅದರಾಚೆ ಧೂಳು ಮುಸುಕಿದ ಬಯಲು, ಆ ಧೂಳಿನೊಳಗೆ ಅವಳು ಹೊರಟ ಊರು. ಎಪ್ಪತ್ತಾರು. ಏಕನಾಥ ಊಟದ ಪೊಟ್ಟಣಗಳನ್ನು ಬಿಟ್ಟು ಬಂದು ಪಕ್ಕದಲ್ಲಿ ತೇಲುತ್ತ, ಪರದೆಯ ಅಂಕಿಗಳನ್ನು ಮೆಲ್ಲಗೆ ಓದತೊಡಗಿದ.

ಚುಕ್ಕೆ ದೆಹಲಿಯ ರೇಖೆಯನ್ನು ಮುಟ್ಟಿತು, ದಾಟಿತು. ಸುತ್ತು ಪೂರ್ತಿಯಾಯಿತು.